ನೇಪಾಳದ ಮಂಜಿನಲ್ಲಿ ಗೌರಿಯ ಬ್ಯಾಟರಿ

ನೇಪಾಳಕ್ಕೆ ಹೋಗಿ ಬಂದವರನ್ನು ನಮ್ಮ ನಿಡೋಣಿಯಲ್ಲಿ ಮೊದಲು ಕೇಳುವುದು ಪಶುಪತಿನಾಥನ ದರ್ಶನ ಆಯಿತೇ ಎಂದು. ಆಮೇಲೆ ಕೇಳುವುದು ರುದ್ರಾಕ್ಷಿ ತಂದಿರಾ ಎಂದು. ದರ್ಶನ ಆಯಿತು, ರುದ್ರಾಕ್ಷಿಯೂ ತಂದಿದ್ದೇನೆ. ಆದರೆ ಆ ದೇಶ ಎಂದ ಕೂಡಲೇ ನನ್ನ ಕಣ್ಣೆದುರು ಬರುವುದು ಗುಡಿಯಲ್ಲ. ತಾನ್ಸೇನ್ ಎಂಬ ಗುಡ್ಡದ ಊರಿನ ಒಂದು ಮೊಬೈಲ್ ರಿಪೇರಿ ಅಂಗಡಿ. ನಾನು ಮತ್ತು ನನ್ನ ಅಳಿಯ ಅಲ್ಲಿ ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ನನ್ನ ಮಗಳು ಮಾಡಿದ ಬ್ಯಾಟರಿಗೆ ಜೀವ ಬರುತ್ತದೆಯೇ ಎಂದು ಕಾಯ್ದೆವು. ಅದಕ್ಕೂ ಮೊದಲು ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ಹಾಗೆ ಕಾಯ್ದು ಬರಿಗೈಯಲ್ಲಿ ಎದ್ದು ಬಂದವರು. ಹಾಗಾಗಿ ಈ ಸಲ ಬಾಯಿ ಬಿಟ್ಟು ಏನನ್ನೂ ಬೇಡಿಕೊಳ್ಳಲಿಲ್ಲ.

ತಿಕೋಟಾ

ಮಗಳು ಗೌರಿಯನ್ನು ತಿಕೋಟಾಕ್ಕೆ ಕೊಟ್ಟಿದ್ದೆವು. ಅಳಿಯ ಈರಣ್ಣನವರದು ದ್ರಾಕ್ಷಿ ತೋಟ. ಗೌರಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದವಳು, ಕೈ ಸುಮ್ಮನಿರುತ್ತಿರಲಿಲ್ಲ. ದ್ರಾಕ್ಷಿ ಒಣಗಿಸುವ ಶೆಡ್ಡು ಸುಗ್ಗಿ ಮುಗಿದ ಮೇಲೆ ಖಾಲಿ ಬೀಳುತ್ತದಲ್ಲ, ಅಲ್ಲಿ ಹಳೆಯ ಟೆಂಪೊ ಒಂದನ್ನು ತಂದು ನಿಲ್ಲಿಸಿ ಮನೆ ಮಾಡಲು ಕೂತಳು. ಒಳಗೆ ಎರಡು ಮಂಚ, ಒಂದು ಗ್ಯಾಸ್ ಒಲೆ, ಮೊಣಕಾಲೆತ್ತರದ ಫ್ರಿಜ್ಜು, ಮೇಲೆ ಎರಡು ಸೋಲಾರ್ ಹಲಗೆ. ಎಲ್ಲರೂ ಅದನ್ನು ಮನಿಗಾಡಿ ಎನ್ನತೊಡಗಿದರು.

ಬ್ಯಾಟರಿಯನ್ನು ಮಾತ್ರ ಅಂಗಡಿಯಿಂದ ತರಲಿಲ್ಲ. ಅವಳ ಜೊತೆ ಓದಿದ ರೇಣುಕಾ ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಇನ್ವರ್ಟರ್ ಅಂಗಡಿ ಇಟ್ಟಿದ್ದಾಳೆ. ಇಬ್ಬರೂ ಸೇರಿ ನಾಲ್ಕು ಲಿಥಿಯಂ ಸೆಲ್ ತರಿಸಿದರು. ಒಂದೊಂದೂ ಇಟ್ಟಂಗಿಯಷ್ಟು ದೊಡ್ಡದು, ನೀಲಿ ಬಣ್ಣದ್ದು. ಗೌರಿಯೇ ಕೂತು ಅವುಗಳನ್ನು ಜೋಡಿಸಿ, ಸ್ಕೆಚ್ ಪೆನ್ನಿನಿಂದ ೧, ೨, ೩, ೪ ಎಂದು ಬರೆದು, ಕಟ್ಟಿಗೆಯ ಪೆಟ್ಟಿಗೆಯಲ್ಲಿ ಕೂಡಿಸಿ ಮಂಚದ ಕೆಳಗೆ ಇಟ್ಟಳು.

ನೋಡಲು ಹೋದಾಗ ನಾನು, "ಇಷ್ಟ ಸಣ್ಣದೇನವ್ವಾ?" ಅಂದಿದ್ದೆ.

"ನಿನ್ನ ಟ್ರ್ಯಾಕ್ಟರ್ ಬ್ಯಾಟರಿ ಎತ್ತಾಕ ಇಬ್ಬರ ಬೇಕಪಾ. ಇದನ್ನ ನಾ ಒಬ್ಬಾಕೀನ ಎತ್ತತೀನಿ. ಕೆಲಸಾ ಮಾತ್ರ ಅದರ ದುಪ್ಪಟ್ಟ."

"ಮತ್ತ ಇದಕ್ಕ ಕರೆಂಟ್?"

"ಮ್ಯಾಲೆ ಸೂರ್ಯಾ ಅದಾನಲ್ಲ. ನಮ್ಮೂರಾಗ ನೀರಿಗಿ ಬರಾ ಬಿದ್ದೀತು, ಬಿಸಲಿಗಿ ಎಂದರ ಬರಾ ಬಿದ್ದದೇನು?"

ಗಾಡಿ ತಯಾರಾದ ಮಳೆಗಾಲದಲ್ಲೇ ಅವಳಿಗೆ ಡೆಂಗಿ ಜ್ವರ ಬಂತು. ವಾರವೂ ತಾಳಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ವರ್ಷ ಕಳೆದ ಮೇಲೆ ಒಂದು ದಿನ ಈರಣ್ಣನವರು ನಿಡೋಣಿಗೆ ಬಂದರು. ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಎಮ್ಮೆಗಳನ್ನು ನೋಡಿದರು. ಆಮೇಲೆ, "ಮಾವಾರ, ಗಾಡಿ ನಿಂತಲ್ಲೇ ನಿಂತೈತ್ರಿ. ಆಕಿ ನೇಪಾಳಕ್ಕ ಹೋಗೂದು ಅಂತಿದ್ಲು. ಹೋಗಿ ಬರೂಣೇನ್ರಿ?" ಅಂದರು.

ನಾನು ಹೂಂ ಅಂದೆ. ನನ್ನ ಹೆಂಡತಿ ಎಮ್ಮೆಗಳ ನೆಪ ಹೇಳಿ ಬರಲಿಲ್ಲ. ಆ ಗಾಡಿಯೊಳಗೆ ಕಾಲಿಡಲು ಅವಳಿಗೆ ಆಗುತ್ತಿರಲಿಲ್ಲ.

ಒಂದು ಮಾತು ಹೇಳಬೇಕು. ನಮ್ಮ ಕಡೆ ಮಾವ ಅಳಿಯರ ನಡುವೆ ಮರ್ಯಾದೆ ಜಾಸ್ತಿ, ಮಾತು ಕಡಿಮೆ. ನಾವಿಬ್ಬರೂ ಅಷ್ಟು ವರ್ಷ ಮಾತನಾಡಿದ್ದು ಗೌರಿಯ ಮೂಲಕ. ಈರಣ್ಣನವರು ನನ್ನ ಎದುರಿಗೇ ಕೂತಿದ್ದರೂ, "ಅವರಿಗಿ ಚಾ ಬೇಕೇನು ಕೇಳವ್ವಾ" ಎಂದು ನಾನು ಮಗಳಿಗೆ ಹೇಳುತ್ತಿದ್ದೆ. "ನಿಮ್ಮಪ್ಪಾರಿಗಿ ಮೊದಲ ಕೊಡು" ಎಂದು ಅವರು ಅವಳಿಗೇ ಹೇಳುತ್ತಿದ್ದರು. ಈಗ ನಡುವೆ ಅವಳಿರಲಿಲ್ಲ.

ಬಬಲೇಶ್ವರ

ಅಮಾವಾಸ್ಯೆಯ ದಿನ ಬಬಲೇಶ್ವರದಲ್ಲಿ ಗಾಡಿಗೆ ಪೂಜೆ ಮಾಡಿಸಿದೆವು. ಗೌರಿಯ ಫೋಟೊ ಒಂದನ್ನು ಒಳಗೆ, ಎರಡು ಮಂಚಗಳ ನಡುವಿನ ಗೋಡೆಗೆ ಹಾಕಿದ್ದೆವು. ಓಡುವ ಗಾಡಿಯಲ್ಲಿ ಎಣ್ಣೆ ದೀಪ ಇಡಲಾಗದು. ಅದಕ್ಕೆ ಮದುವೆ ಹಂದರಕ್ಕೆ ಲೈಟು ಹಾಕುವ ಮಹಾದೇವನನ್ನು ಕರೆದು, ಫೋಟೊದ ಸುತ್ತ ಸಣ್ಣ ಬಲ್ಬುಗಳ ಸರ ಹಾಕಿಸಿದೆವು.

ಮಹಾದೇವ ವೈರು ಕೈಯಲ್ಲಿ ಹಿಡಿದು, "ಇದಕ್ಕ ಸ್ವಿಚ್ ಎಲ್ಲಿ ಕೊಡ್ಲಿರೀ?" ಅಂದ.

ನಾನು ಈರಣ್ಣನವರ ಮುಖ ನೋಡಿದೆ. ಹೆಂಡತಿಯ ಫೋಟೊ, ಅವರು ಹೇಳಲಿ ಎಂದು. ಅವರು ನನ್ನ ಮುಖ ನೋಡಿದರು. ಮಗಳ ಫೋಟೊ, ಹಿರಿಯರು ಹೇಳಲಿ ಎಂದು. ಮಹಾದೇವ ಇಬ್ಬರನ್ನೂ ನೋಡಿ ತಾನೇ ಅರ್ಥ ಮಾಡಿಕೊಂಡ.

"ಹೌದ ಬಿಡ್ರಿ. ನಂದಾದೀಪಕ್ಕ ಎಲ್ಲ್ಯರ ಸ್ವಿಚ್ ಇರ್ತದೇನು? ಡೈರೆಕ್ಟ್ ಬ್ಯಾಟರಿಗೇ ಕೊಟ್ಟಬಿಡ್ತೀನಿ. ಗಾಡ್ಯಾಗಿಂದೆಲ್ಲಾ ಬಂದಾದ್ರೂ ಇದ ಆರೂದಿಲ್ಲ ನೋಡ್ರಿ."

ಇಬ್ಬರೂ ತಲೆಯಾಡಿಸಿದೆವು. ನಂದಾದೀಪ ಆರಬಾರದು ಎಂಬುದು ನಮಗೂ ಗೊತ್ತಿದ್ದ ಮಾತೇ.

ಸೋನೌಲಿ ಗಡಿ

ಉತ್ತರಕ್ಕೆ ಹೋದ ಹಾಗೆ ಬಿಸಿಲು ತೆಳ್ಳಗಾಗುತ್ತ ಬಂತು. ಗಡಿ ಎಂದರೆ ತಂತಿಬೇಲಿ, ಬಂದೂಕು ಎಂದುಕೊಂಡಿದ್ದೆ. ಇಲ್ಲಿ ಒಂದು ಕಮಾನಿನ ಈಚೆ ಪಾನ್ ಅಂಗಡಿ, ಆಚೆಯೂ ಪಾನ್ ಅಂಗಡಿ. ಸೈಕಲ್ಲಿನವರು ನಮ್ಮ ತಿಕೋಟಾದಿಂದ ವಿಜಯಪುರಕ್ಕೆ ಹೋದಷ್ಟು ಸಲೀಸಾಗಿ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗುತ್ತಿದ್ದರು.

ನೇಪಾಳದ ಕಡೆಯ ಅಧಿಕಾರಿ ಗಾಡಿ ತಪಾಸಣೆಗೆಂದು ಬಾಗಿಲು ತೆಗೆಸಿದರು. ಒಂದು ಕಾಲು ಒಳಗಿಟ್ಟವರು ಫೋಟೊ, ಬೆಳಕಿನ ಸರ ನೋಡಿ ನಿಂತರು. ಕಾಲು ಹಿಂದೆ ತೆಗೆದು, ಬೂಟು ಬಿಚ್ಚಿ, ಆಮೇಲೆ ಒಳಗೆ ಬಂದು ತಪಾಸಣೆ ಮಾಡಿದರು. ಮಂಚದ ಕೆಳಗೂ ಬಗ್ಗಿ ನೋಡಿದರು, ಬಿಡಲಿಲ್ಲ. ಆದರೆ ಬರಿಗಾಲಲ್ಲಿ ನೋಡಿದರು.

ಅಲ್ಲಿನವರು ಮಾತಿಗೊಮ್ಮೆ "ಹಜೂರ್" ಅನ್ನುತ್ತಾರೆ. ಹೌದು ಎನ್ನಲೂ ಹಜೂರ್, ಏನು ಎನ್ನಲೂ ಹಜೂರ್. ನಮ್ಮ "ರೀ" ಇದ್ದ ಹಾಗೆಯೇ, ಎಲ್ಲದಕ್ಕೂ ಅಂಟಿಕೊಳ್ಳುತ್ತದೆ. ಅವರ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ. ನಾನು ಕೈಗಡಿಯಾರ ತಿರುಗಿಸುವುದನ್ನು ನೋಡಿ ಈರಣ್ಣನವರು, "ಹದಿನೈದ ಮಿನಿಟಿನ ಸಲುವಾಗಿ ಯಾಕ ತ್ರಾಸ ತಗೋತೀರಿ ಮಾವಾರ? ನಮ್ಮ ಬಸ್ ಸ್ಟ್ಯಾಂಡಿನಾಗ ಅದನ್ನ ಯಾರೂ ಲೆಕ್ಕಕ್ಕ ಹಿಡಿಯೂದಿಲ್ಲ" ಅಂದರು. ಪ್ರವಾಸದಲ್ಲಿ ಅವರು ನನಗೆ ನೇರವಾಗಿ ಹೇಳಿದ ಮೊದಲ ಉದ್ದ ಮಾತು ಅದು.

ಲುಂಬಿನಿ

ಬುದ್ಧ ಹುಟ್ಟಿದ ಊರನ್ನು ನಾನು ನೋಡಿದೆ ಎನ್ನಬಹುದೋ ಇಲ್ಲವೋ ಗೊತ್ತಿಲ್ಲ. ಮಂಜು. ಬೆಳಗಿನ ಹೊತ್ತು ನಮ್ಮಲ್ಲೂ ಬೀಳುವ ಮಂಜಲ್ಲ ಅದು. ಹಗಲು ಪೂರ್ತಿ, ಹತ್ತಿ ಹಿಂಜಿ ತುಂಬಿದ ಹಾಗೆ. ಎದುರಿಗೆ ಬರುವ ಸೈಕಲ್ಲಿನ ಗಂಟೆ ಮೊದಲು ಕೇಳುತ್ತದೆ, ಸೈಕಲ್ಲು ಆಮೇಲೆ ಕಾಣುತ್ತದೆ. ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲವಂತೆ. ರಸ್ತೆ ಬದಿಗೆ ಕಟ್ಟಿಗೆ, ಹುಲ್ಲು ಹಾಕಿ ಬೆಂಕಿ ಮಾಡಿ, ಗುರುತಿರಲಿ ಇಲ್ಲದಿರಲಿ ಎಲ್ಲರೂ ಸುತ್ತ ಕೂಡುತ್ತಾರೆ. ನನಗೂ ಸರಿದು ಜಾಗ ಮಾಡಿಕೊಟ್ಟರು. ನಮ್ಮೂರಲ್ಲಿ ಈ ತಿಂಗಳಲ್ಲೂ ಮಧ್ಯಾಹ್ನ ತಲೆಗೆ ಟವೆಲ್ ಹಾಕಿಕೊಳ್ಳುತ್ತೇವೆ ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಒಬ್ಬ ಮುದುಕ ನಕ್ಕು ನನ್ನ ಬೆನ್ನು ತಟ್ಟಿದ. ನಂಬಲಿಲ್ಲ ಎಂದು ಕಾಣುತ್ತದೆ.

ಅಲ್ಲಿ ಈರಣ್ಣನವರಿಗೆ ಜ್ವರ ಬಂತು. ಗಾಡಿಯಲ್ಲಿ ಬೇಡವೆಂದು ಧರ್ಮಶಾಲೆಯಲ್ಲಿ ಕೋಣೆ ಹಿಡಿದೆ. ವೈದ್ಯರು ನೋಡಿ ಬರೀ ಥಂಡಿ ಎಂದರು. ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಅವರು ಪೂರ್ತಿ ಏಳುವವರೆಗೆ ಸುಮಾರು ಒಂದು ವಾರ ಗಾಡಿ ಮಂಜಿನಲ್ಲೇ ನಿಂತಿತು. ಒಳಗೆ ಫ್ರಿಜ್ಜು ಓಡುತ್ತಿತ್ತು, ದೀಪ ಉರಿಯುತ್ತಿತ್ತು. ಮೇಲಿನ ಹಲಗೆಗಳ ಮೇಲೆ ಬರೀ ಇಬ್ಬನಿ.

ಹೊರಡುವ ದಿನ ಗಾಡಿ ಹತ್ತಿದಾಗ ಫೋಟೊದ ದೀಪ ಆರಿತ್ತು. ನಾನು ನೋಡಿದೆ. ಈರಣ್ಣನವರೂ ನೋಡಿದ್ದನ್ನು ನೋಡಿದೆ. ಅವರೇ ವೈರು ತೆಗೆದಿರಬೇಕು, ಕೇಳಿದರೆ ಚೆನ್ನಾಗಿರುವುದಿಲ್ಲ ಎಂದು ಸುಮ್ಮನಾದೆ. ಅವರೂ ನನ್ನ ಬಗ್ಗೆ ಹಾಗೆಯೇ ಅಂದುಕೊಂಡರಂತೆ. ಇಂಜಿನ್ನಿಗೆ ಬೇರೆ ಬ್ಯಾಟರಿ ಇದೆ, ಗಾಡಿ ಶುರುವಾಯಿತು. ಹೊರಟೆವು.

ತಾನ್ಸೇನ್

ತಾನ್ಸೇನ್ ಗುಡ್ಡದ ಮೇಲಿನ ಊರು. ಏರುತ್ತ ಏರುತ್ತ ಒಂದು ತಿರುವಿನಲ್ಲಿ ಗಾಡಿ ಮಂಜಿನಿಂದ ಹೊರಗೆ ಬಂತು. ಎಷ್ಟೋ ದಿನಗಳ ಮೇಲೆ ಬಿಸಿಲು! ಕೆಳಗೆ ಕಣಿವೆ ತುಂಬ ಮಂಜು, ಕಡೆದ ಮಜ್ಜಿಗೆಯ ಮೇಲಿನ ನೊರೆಯ ಹಾಗೆ. ಮೇಲೆ ನಮ್ಮೂರಿನದೇ ನೀಲಿ ಆಕಾಶ. ಗಾಡಿ ನಿಲ್ಲಿಸಿ ಇಬ್ಬರೂ ಇಳಿದು ಬೆನ್ನು ಕಾಯಿಸಿಕೊಂಡೆವು.

ಚಹಾ ಮಾಡೋಣವೆಂದು ಹಾಲಿಗೆ ಫ್ರಿಜ್ಜು ತೆಗೆದೆ. ಮನೆಯಿಂದ ತಂದಿದ್ದ ಮೊಸರಿನ ವಾಸನೆ ನನ್ನನ್ನು ಹಿಂದಕ್ಕೆ ತಳ್ಳಿತು. ಹುಳಿ ಮೊಸರಿಗೆ ಹೆದರುವ ಜಾತಿ ನಮ್ಮದಲ್ಲ, ಆದರೆ ಅದು ಬೇರೆಯೇ ವಾಸನೆ. ಫ್ರಿಜ್ಜು ಸತ್ತಿತ್ತು. ಲೈಟಿಲ್ಲ, ಫ್ಯಾನಿಲ್ಲ. ಮೇಲೆ ಹಲಗೆಗಳು ಬಿಸಿಲಿಗೆ ಹೊಳೆಯುತ್ತಿದ್ದವು, ಕೆಳಗೆ ಆ ಕರೆಂಟನ್ನು ಬ್ಯಾಟರಿಗೆ ತುಂಬುವ ಚಾರ್ಜರ್ ಕಣ್ಣು ಮುಚ್ಚಿ ಕೂತಿತ್ತು.

ಬಸ್ ನಿಲ್ದಾಣದ ಹತ್ತಿರದ ಬ್ಯಾಟರಿ ಅಂಗಡಿಯವನನ್ನು ಕರೆತಂದೆವು. ಅವನು ಪೆಟ್ಟಿಗೆಯ ಎರಡು ತುದಿಗೆ ಮೀಟರ್ ಹಚ್ಚಿ, "ಖತಮ್" ಅಂದ. ಆಸಿಡ್ ಬ್ಯಾಟರಿ ಒಂದಿದೆ, ಈಗಲೇ ಹಾಕಿಕೊಡುತ್ತೇನೆ, ಈ ಡಬ್ಬಿಯನ್ನು ಇಲ್ಲೇ ಬಿಟ್ಟು ಹೋಗಿ ಅಂದ.

ಈರಣ್ಣನವರು ಗಾಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವರು ಏನು ಯೋಚಿಸುತ್ತಿದ್ದಾರೆಂದು ನನಗೆ ಗೊತ್ತಿತ್ತು. ಗಾಡಿಯ ಮಂಚ ಬಡಿಗೇರ ಮಾಡಿದ್ದು, ಬಣ್ಣ ಪೇಂಟರ್ ಹೊಡೆದದ್ದು, ಪರದೆ ದರ್ಜಿ ಹೊಲಿದದ್ದು. ಗೌರಿ ತನ್ನ ಕೈಯಾರೆ, ಯಾರಿಗೂ ಮುಟ್ಟಗೊಡದೆ ಮಾಡಿದ್ದು ಆ ಪೆಟ್ಟಿಗೆ ಒಂದೇ. ಅವಳು ಬಿಟ್ಟು ಹೋದದ್ದರಲ್ಲಿ ಇನ್ನೂ ಕೆಲಸ ಮಾಡುತ್ತಿದ್ದ ವಸ್ತು ಅದೊಂದೇ.

"ಬ್ಯಾಡಪಾ. ಹಂಗ ಬಿಟ್ಟ ಹೋಗಾಕ ಬರೂದಿಲ್ಲ" ಎಂದು ಅವನನ್ನು ಕಳಿಸಿದೆ. ಕನ್ನಡದಲ್ಲೇ ಅಂದೆ. ಅವನಿಗೆ ತಿಳಿಯಿತು.

ಟ್ರ್ಯಾಕ್ಟರ್ ನಿಂತರೆ ನಾವು ಮಾಡುವುದೇನು? ಇನ್ನೊಂದು ಗಾಡಿಯ ಬ್ಯಾಟರಿಯಿಂದ ದಪ್ಪ ವೈರಿನಲ್ಲಿ ಕರೆಂಟು ಎಳೆದು ಎಬ್ಬಿಸುತ್ತೇವೆ. ಅದನ್ನೇ ಮಾಡೋಣವೆಂದು ಈರಣ್ಣನವರು ಇಂಜಿನ್ ಬ್ಯಾಟರಿಯಿಂದ ವೈರು ತಂದರು. ಇನ್ನೊಂದು ತುದಿ ನಾನು ಹಿಡಿದೆ. ಹಚ್ಚುವ ಮೊದಲು ರೇಣುಕಾಗೆ ಒಂದು ಮಾತು ಕೇಳೋಣ ಎಂದು ಫೋನ್ ಮಾಡಿ ಸ್ಪೀಕರ್ ಇಟ್ಟರು. ಪುಣ್ಯ.

"ಕಾಕಾ, ಈಗ ಏನ ಮಾಡಾಕತ್ತೀರಿ?"

"ವೈರ್ ಹಿಡದೇವವ್ವಾ. ಒಂದ ಝಟಕಾ ಕೊಟ್ಟ ಎಬ್ಬಸೂಣಂತ."

"ಯವ್ವಾ! ಕೆಳಗ ಇಡ್ರಿ! ಇಬ್ಬರೂ ಕೆಳಗ ಇಡ್ರಿ ಮೊದಲ!" ಸಿದ್ಧೇಶ್ವರ ಗುಡಿಯ ಓಣಿಯಿಂದ ಅವಳು ಕೂಗಿದ್ದಕ್ಕೆ ತಾನ್ಸೇನಿನ ನಾಯಿಯೊಂದು ತಲೆ ಎತ್ತಿತು. "ಅದೇನ ಟ್ರ್ಯಾಕ್ಟರ್ ಬ್ಯಾಟರಿ ಏನ್ರಿ? ಶಿವರಾತ್ರಿ ಉಪಾಸ ಬಿಟ್ಟಾವಗ ಒಮ್ಮಿಗೇ ಹತ್ತ ಹೋಳಿಗಿ ತುರಕತೀರೇನು? ಹೊಟ್ಟಿ ಒಡದ ಸಾಯ್ತಾನ. ಮೊದಲ ಗಂಜಿ. ಗುಟುಕ ಗುಟುಕ."

ವೈರು ಕೆಳಗಿಟ್ಟೆವು. ರೇಣುಕಾ ಒಂದೊಂದಾಗಿ ಕೇಳುತ್ತ ಹೋದಳು. ಬಿಸಿಲಿಲ್ಲದೆ ಎಷ್ಟು ದಿನ ನಿಂತಿತ್ತು? ಫ್ರಿಜ್ಜು ಚಾಲೂ ಇತ್ತೇ?

"ಫ್ರಿಜ್ ಇದ್ರೂ ಇಷ್ಟ ಕೆಳಗ ಇಳಿಯೂದಿಲ್ಲ. ಒಂದ ಮಟ್ಟಕ್ಕ ಬಂತಂದ್ರ ಬಿಎಂಎಸ್ ಬಾಗಲಾ ಹಾಕ್ಕೊಂತದ. ಮತ್ತೇನರ ಹೊಸದು ಹಚ್ಚೀರೇನು?"

ಬಿಎಂಎಸ್ ಎಂದರೆ ಪೆಟ್ಟಿಗೆಯ ಬಾಯಲ್ಲಿರುವ ಹಸಿರು ಬೋರ್ಡು, ಬ್ಯಾಟರಿಯ ಕಾವಲುಗಾರ. ನಾನು ಈರಣ್ಣನವರ ಮುಖ ನೋಡಿದೆ.

"ಫೋಟೊಕ್ಕ ಒಂದ ದೀಪ ಹಾಕ್ಸೇವಿ," ಅಂದರು ಅವರು.

"ಎಲ್ಲಿಂದ ಕನೆಕ್ಷನ್?"

"ಡೈರೆಕ್ಟ್."

"ಡೈರೆಕ್ಟ್ ಅಂದ್ರ? ಬಿಎಂಎಸ್ ದಾಟಿ ಸೀದಾ ಸೆಲ್ಲಿಗೇ? ಮುಂದಿನ ಬಾಗಲಕ್ಕ ಕಾವಲ ಇಟ್ಟು ಹಿತ್ತಲ ಬಾಗಲಾ ತಗದಿಟ್ಟೀರಿ! ಇದ್ದದ್ದೆಲ್ಲಾ ದೀಪ ಕುಡದು ಹೋಗೇದ. ಯಾರಣ್ಣಾ ಹಂಗ ಹೇಳಿದವರು?"

"ಮಾವಾರಿಗಿ ದೀಪ ಆರಬಾರದಂತ ಇತ್ತಲ್ಲವ್ವಾ..."

"ನಂದೇನೂ ಇದ್ದಿಲ್ಲ," ನಾನು ಗಾಬರಿಯಾಗಿ ಅಂದೆ. "ಈರಣ್ಣಾರಿಗಿ ಬೇಕಾಗೇದಂತ ನಾ ಸುಮ್ಮನಿದ್ದೆ."

ಫೋನಿನಿಂದ, "ಅಂದ್ರ ಇಬ್ಬರಿಗೂ ಬ್ಯಾಡಾಗಿತ್ತು?" ಎಂಬ ಪ್ರಶ್ನೆ ಬಂತು.

ಈರಣ್ಣನವರು ನೆಲ ನೋಡುತ್ತ, "ಖರೇ ಹೇಳ್ಬೇಕಂದ್ರ ಮಾವಾರ, ಆ ಬೆಳಕಿನಾಗ ನನಗ ಕಣ್ಣಿಗಿ ಕಣ್ಣ ಹತ್ತತಿದ್ದಿಲ್ರಿ" ಅಂದರು.

"ನನಗೂ ಹತ್ತತಿದ್ದಿಲ್ಲ."

"ಮತ್ತ ಹೇಳಬಾರದೇನ್ರಿ?"

"ನೀವರ ಹೇಳಬಾರದಿತ್ತೇನ್ರಿ?"

ರೇಣುಕಾ ನಗತೊಡಗಿದಳು. ನಗುತ್ತಲೇ ಅವಳ ದನಿ ಒಡೆಯಿತು. "ಗೌರಿ ಇದ್ದಿದ್ರ ನಿಮ್ಮಿಬ್ಬರನೂ ಅಲ್ಲೇ ಇಳಿಸಿ ಗಾಡಿ ಹೊಡಕೊಂಡ ಹೋಗ್ತಿದ್ಲು ಕಾಕಾ," ಅಂದಳು.

ದೀದಿಯ ಅಂಗಡಿ

ರೇಣುಕಾ ಹೇಳಿದ್ದು ಇಷ್ಟು. ಚಾರ್ಜರ್ ಮೊದಲು ಬಾಗಿಲು ತಟ್ಟಿ ನೋಡುತ್ತದೆ. ಒಳಗಿನಿಂದ ದನಿ ಬರದಿದ್ದರೆ ಮನೆಯಲ್ಲಿ ಯಾರೂ ಇಲ್ಲವೆಂದು ಹೋಗಿಬಿಡುತ್ತದೆ. ಹಾಗಾಗಿ ಸೆಲ್ಲುಗಳನ್ನು ಬೇರೆ ಬೇರೆ ಮಾಡಿ, ಒಂದೊಂದಕ್ಕೂ ಬಹಳ ಸಣ್ಣ ಕರೆಂಟು ಕೊಟ್ಟು, ದನಿ ಬರುವಷ್ಟು ಮೇಲೆ ತರಬೇಕು. ಉಬ್ಬಿದ್ದರೆ ಮುಟ್ಟಬಾರದು. ಕಾಯುತ್ತ ಮುಂದೆಯೇ ಕೂತಿರಬೇಕು. ಬಿಸಿಯಾದರೆ ಆಸೆ ಬಿಡಬೇಕು. ಅಷ್ಟು ಸಣ್ಣದಾಗಿ ಅಳೆದು ಕರೆಂಟು ಕೊಡುವ ಯಂತ್ರ ಎಲ್ಲ ಊರಲ್ಲೂ ಒಂದು ಕಡೆ ಇದ್ದೇ ಇರುತ್ತದೆ, ಮೊಬೈಲ್ ರಿಪೇರಿ ಅಂಗಡಿಯಲ್ಲಿ.

ಹಾಗೆ ನಾವು ಮಾಯಾ ದೀದಿಯ ಅಂಗಡಿಗೆ ಹೋದದ್ದು. ಅರ್ಧ ಅಂಗಡಿಯಲ್ಲಿ ಮೊಬೈಲು, ಇನ್ನರ್ಧದಲ್ಲಿ ಆ ಊರಿನವರು ಕೈಮಗ್ಗದಲ್ಲಿ ನೇಯುವ ಬಣ್ಣದ ಬಟ್ಟೆಯ ಟೋಪಿಗಳು. ಒಳಗೆ ಕಾಲಿಟ್ಟ ಕೂಡಲೇ, "ಖಾನಾ ಖಾನುಭಯೋ?" ಅಂದರು. ಊಟ ಆಯಿತೇ ಎಂದು. ಅಲ್ಲಿ ಅದೇ ನಮಸ್ಕಾರ. ನಮ್ಮ ಕಡೆ "ಊಟಾ ಆತೇನ್ರಿ" ಅನ್ನುವುದಿಲ್ಲವೇ, ಹಾಗೆ. ಉತ್ತರಕ್ಕೆ ಕಾಯದೆ ತಟ್ಟೆಯಲ್ಲಿ ಅವಲಕ್ಕಿ, ಆಲೂಗಡ್ಡೆ ಪಲ್ಯ ಇಟ್ಟು, ಆಮೇಲೆ ಏನು ಕೆಲಸ ಎಂದು ಹಿಂದಿಯಲ್ಲಿ ಕೇಳಿದರು.

ಈರಣ್ಣನವರು ಪೆಟ್ಟಿಗೆ ತೋರಿಸಿ ಎಲ್ಲ ಹೇಳಿದರು. ಯಾರು ಮಾಡಿದ್ದು ಎಂಬುದನ್ನೂ ಹೇಳಿದರು. ದೀದಿ ಕೈಬಳೆ ತೆಗೆದು ಡ್ರಾಯರಿನಲ್ಲಿಟ್ಟು, ಮೇಜಿನ ಮೇಲಿನ ಮೊಬೈಲುಗಳನ್ನೆಲ್ಲ ಒಂದು ಬದಿಗೆ ಸರಿಸಿದರು. ಫೋನಿನಲ್ಲಿ ರೇಣುಕಾ ಕೂಗಿದಳು, "ಅಣ್ಣಾ, ಉಂಗುರಾ ತಗೀರಿ. ಎರಡ ತುದಿಗಿ ತಾಗಿತಂದ್ರ ಬೆರಳ ಸುಟ್ಟ ಹೋಗ್ತದ."

ಅದು ಮದುವೆಯಲ್ಲಿ ನಾವು ಹಾಕಿದ ಉಂಗುರ. ಗಟ್ಟಿಯಾಗಿ ಕೂತಿತ್ತು. ದೀದಿ ಸೋಪು ಕೊಟ್ಟರು. ಈರಣ್ಣನವರು ತೆಗೆದು ನನ್ನ ಕೈಗೆ ಕೊಟ್ಟರು, ನಾನು ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಅವರ ಬೆರಳಿನ ಮೇಲೆ ಬಿಳಿ ಗೆರೆ ಉಳಿಯಿತು.

ಸೆಲ್ಲಿನಿಂದ ಸೆಲ್ಲಿಗೆ ಹಾಕಿದ್ದ ಲೋಹದ ಪಟ್ಟಿ ಬಿಚ್ಚಿ ನಾಲ್ಕೂ ಸೆಲ್ಲುಗಳನ್ನು ಸಾಲಾಗಿ ನಿಲ್ಲಿಸಿದೆವು. ದೀದಿ ಉಕ್ಕಿನ ಸ್ಕೇಲನ್ನು ಒಂದೊಂದರ ಪಕ್ಕಕ್ಕೆ ಒತ್ತಿ ಹಿಡಿದು ನೋಡಿದರು. ಯಾವುದೂ ಉಬ್ಬಿರಲಿಲ್ಲ. ಗೌರಿಯ ಅಂಕಿಗಳಲ್ಲಿ ೨ ಮತ್ತು ೩ ಅವರಿಗೆ ಓದಲು ಬಂದವು, ಅವರ ಅಂಕಿಗಳೂ ಹೆಚ್ಚುಕಡಿಮೆ ಹಾಗೆಯೇ ಇವೆ. ಮೀಟರ್ ಇಟ್ಟಾಗ ಮೂರು ಸೆಲ್ಲು ಎರಡು ವೋಲ್ಟಿನ ಆಸುಪಾಸು ಇದ್ದವು. ೨ ಎಂದು ಬರೆದದ್ದು ಬಹಳ ಕೆಳಗೆ ಹೋಗಿತ್ತು.

"ಅದರದ ಒಂದ ಹೇಳಾಕ ಬರೂದಿಲ್ಲ ಕಾಕಾ," ಅಂದಳು ರೇಣುಕಾ. ತಮಾಷೆ ಇಲ್ಲದ ದನಿ. "ಮೂರ ಎದ್ದು ಅದೊಂದ ಏಳಲಿಲ್ಲಂದ್ರ ನಾಕೂ ಇದ್ದೂ ಇಲ್ಲದಂಗ."

ಒಂದಾದ ಮೇಲೆ ಒಂದಕ್ಕೆ ಗುಟುಕು ಶುರುವಾಯಿತು. ಯಂತ್ರದ ಕೆಂಪು ಅಂಕಿ ಏರುವುದು ಕಣ್ಣಿಗೆ ಕಾಣುವುದಿಲ್ಲ. ಬೆಳೆ ಏಳುವುದನ್ನು ಬದುವಿನ ಮೇಲೆ ಕೂತು ನೋಡಿದ ಹಾಗೆ. ಗಿರಾಕಿಗಳು ಬಂದರು, ಹೋದರು. ಬಂದವರೆಲ್ಲ ಏನಿದು ಎಂದು ಕೇಳಿದರು, ದೀದಿ ಎಲ್ಲರಿಗೂ ಹೇಳಿದರು, ಕೇಳಿದವರೆಲ್ಲ "ಬಿಸ್ತಾರೈ, ಬಿಸ್ತಾರೈ" ಅಂದರು. ಮೆಲ್ಲಗೆ, ಮೆಲ್ಲಗೆ ಎಂದು ಅರ್ಥ. ನಮ್ಮೂರಾಗಿದ್ದರೆ ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟು ಹೋಗುತ್ತಿದ್ದರು.

ಮೂರು ಸೆಲ್ಲು ಹಟವಿಲ್ಲದೆ ಎದ್ದವು. ಕೊನೆಗೆ ಎರಡನೆಯದನ್ನು ಇಟ್ಟೆವು. ಅದು ಸ್ವಲ್ಪ ಏರಿ ನಿಂತಿತು. ನಾನು ಅಂಗೈ ಇಟ್ಟು ನೋಡಿದೆ. ಬೆಚ್ಚಗಿತ್ತು.

"ಈರಣ್ಣಾರ, ಬಿಸಿ ಆಗಾಕತ್ತೇದ್ರಿ," ಅಂದೆ.

ಅವರೂ ಮುಟ್ಟಿದರು. ಹಣೆ ಮುಟ್ಟಿ ನೋಡುವ ಹಾಗೆ ಕೈಯ ಹಿಂಬದಿಯಿಂದ ಮುಟ್ಟಿದರು. ದೀದಿ ಯಂತ್ರ ನಿಲ್ಲಿಸಿದರು. ಮೇಜಿನ ಮೇಲೆ ಕೈ ಇಟ್ಟರು, ಪಕ್ಕದಲ್ಲಿದ್ದ ಕತ್ತರಿ ಮುಟ್ಟಿದರು, ಆಮೇಲೆ ನನ್ನ ಕೈಯನ್ನು ಹಿಡಿದು ಕತ್ತರಿಯ ಮೇಲೆ ಇಟ್ಟರು. ಕತ್ತರಿಯೂ ಬೆಚ್ಚಗಿತ್ತು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಒಳಗೆ ಬಂದು ಮೇಜಿನ ಆ ತುದಿಯ ಮೇಲೆ ಬಿದ್ದಿತ್ತು. ಸೆಲ್ಲನ್ನು ನೆರಳಿಗೆ ಸರಿಸಿ ಕಾಯ್ದೆವು. ತಣ್ಣಗಾಯಿತು. ಮತ್ತೆ ಶುರು ಮಾಡಿದರು, ಮೊದಲಿಗಿಂತ ಸಣ್ಣ ಗುಟುಕು. ಈ ಸಲ ತಣ್ಣಗೇ ಏರಿತು.

ಸಂಜೆ ಅಂಗಡಿ ಮುಚ್ಚುವಾಗ ನಾಲ್ಕೂ ಒಂದೇ ಮಟ್ಟಕ್ಕೆ ಬಂದಿದ್ದವು. ಇನ್ನು ಬೆಳಗಿನವರೆಗೆ ಬಿಡಬೇಕು. ಏರಿದ್ದನ್ನು ಹಿಡಿದುಕೊಂಡರೆ ಉಂಟು, ತಾನೇ ಇಳಿದರೆ ಇಲ್ಲ ಎಂದು ರೇಣುಕಾ ಹೇಳಿದ್ದಳು. ದೀದಿ ಸೆಲ್ಲುಗಳ ಮೇಲೆ ಒಣ ಬಟ್ಟೆ ಹೊದಿಸಿ ಬೀಗ ಹಾಕಿದರು.

ಮರುದಿನ

ನಾವು ಹೋದಾಗ ದೀದಿ ಬಾಗಿಲು ತೆಗೆದು ನಮಗಾಗಿ ಕಾಯುತ್ತಿದ್ದರು. ಬಟ್ಟೆ ಸರಿಸಿರಲಿಲ್ಲ. ಮೀಟರನ್ನು ಈರಣ್ಣನವರ ಕೈಗೆ ಕೊಟ್ಟರು. ಒಂದು, ಮೂರು, ನಾಲ್ಕು ಸರಿಯಾಗಿದ್ದವು. ಎರಡನೆಯದಕ್ಕೆ ಇಡುವಾಗ ಮೀಟರಿನ ಕಡ್ಡಿ ಜಾರಿತು. ಮತ್ತೆ ಇಟ್ಟರು. ಕೂದಲೆಳೆಯಷ್ಟು ಇಳಿದಿತ್ತು, ಅಷ್ಟೇ.

ಫೋನಿನಲ್ಲಿ ಓದಿ ಹೇಳಿದಾಗ ರೇಣುಕಾ ಒಂದು ಉಸಿರು ಬಿಟ್ಟದ್ದು ಕೇಳಿಸಿತು. "ಉಳೀತು ಕಾಕಾ. ಮೊದಲಿನಷ್ಟ ಕಸುವು ಇರೂದಿಲ್ಲ. ಹುಷಾರಿಯಿಂದ ನಡಸಬೇಕ. ಆದ್ರ ಉಳೀತು."

ಪಟ್ಟಿ ಕೂಡಿಸಿ ಪೆಟ್ಟಿಗೆಯನ್ನು ಗಾಡಿಗೆ ತಂದೆವು. ಇನ್ನು ದೀಪದ ವೈರು ಕತ್ತರಿಸುವುದು ಉಳಿದಿತ್ತು. "ನೀವ ಮಾಡ್ರಿ ಮಾವಾರ." "ಛೇ, ನೀವ ಮಾಡ್ರಿ." "ಹಿರಿಯಾರು ನೀವು." "ನಿಮ್ಮ ಗಾಡಿ." ದೀದಿಗೆ ನಮ್ಮ ಭಾಷೆ ಬಾರದು, ಆದರೆ ಇದು ಯಾವ ಭಾಷೆಯಲ್ಲೂ ಒಂದೇ ತರಹ ಇರಬೇಕು. ನಮ್ಮಿಬ್ಬರ ನಡುವೆ ಕೈ ಚಾಚಿ ಕಟ್ಟರ್‌ನಿಂದ ಕಟ್ ಎಂದು ಕತ್ತರಿಸಿದರು. ಆಮೇಲೆ ಫೋಟೊಕ್ಕೆ ಕೈ ಮುಗಿದರು.

ಚಾರ್ಜರಿನ ಪುಟ್ಟ ಹಸಿರು ದೀಪ ಹೊತ್ತಿಕೊಂಡಿತು. ಮೇಲಿನ ಬಿಸಿಲು ಇಳಿದು ಬರುತ್ತಿತ್ತು. ಈರಣ್ಣನವರು ಟವೆಲ್ಲಿನಿಂದ ಮುಖ ಒರೆಸಿಕೊಂಡು ಬಹಳ ಹೊತ್ತು ಹಾಗೆಯೇ ಮುಖದ ಮೇಲೆ ಹಿಡಿದಿದ್ದರು. ನಾನು ಗುಡ್ಡ ನೋಡುತ್ತ ನಿಂತೆ. ಆಮೇಲೆ ಉಂಗುರ ಕೊಟ್ಟೆ. ಅವರು ಅದನ್ನು ಬೆರಳಿಗೆ ಹಾಕಿಕೊಳ್ಳಲಿಲ್ಲ, ಕಿಸೆಯಲ್ಲಿಟ್ಟುಕೊಂಡರು. ವಯಸ್ಸಿನ್ನೂ ಸಣ್ಣದು ಅವರದು. ನನಗೆ ಬೇಸರವಾಗಲಿಲ್ಲ.

ದೀದಿಗೆ ತಿಕೋಟಾದ ಒಣದ್ರಾಕ್ಷಿಯ ದೊಡ್ಡ ಪೊಟ್ಟಣ ಕೊಟ್ಟೆವು. ಒಂದು ಬಾಯಿಗೆ ಹಾಕಿಕೊಂಡು, ಇದನ್ನು ಹೇಗೆ ಮಾಡುತ್ತೀರಿ ಎಂದು ಕೇಳಿದರು. ನೆರಳಲ್ಲಿ ಒಣಗಿಸುತ್ತೇವೆ ಎಂದೆ. ಅಷ್ಟು ಬಿಸಿಲಿರುವ ಊರಿನವರು ನೆರಳಲ್ಲೇ ಎಂದು ನಕ್ಕರು.

ಪೋಖರಾದ ದಾರಿ

ತಾನ್ಸೇನಿನಿಂದ ಮುಂದಿನ ದಾರಿಯ ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಹೊಳೆ. ತಿರುವಿಗೊಮ್ಮೆ ಮೆಟ್ಟಿಲು ಮೆಟ್ಟಿಲಾದ ಹೊಲಗಳು. ಅಷ್ಟು ಸಣ್ಣ ಹೊಲದಲ್ಲಿ ಎತ್ತು ಹೇಗೆ ತಿರುಗುತ್ತದೋ ಎಂದು ನಾನು ನೋಡಬೇಕಿತ್ತು. ಆದರೆ ನನ್ನ ಗಮನ ಬೇರೆ ಕಡೆಗಿತ್ತು. ಫ್ರಿಜ್ಜು ನನ್ನ ಸೀಟಿನ ಹಿಂದೆಯೇ ಇದೆ. ಬಾಗಿಲು ತೆಗೆದರೆ ಒಳಗೆ ಒಂದು ಪುಟ್ಟ ಲೈಟು ಹೊತ್ತುತ್ತದೆ. ಲೈಟು ಹೊತ್ತಿತೆಂದರೆ ಬ್ಯಾಟರಿ ಇದೆ ಎಂದು ಅರ್ಥ. ಒಂದು ತಿರುವಿಗೆ ಹಿಂದೆ ಬಾಗಿ ಬಾಗಿಲು ತೆಗೆದೆ. ಹೊತ್ತಿತು. ಮುಚ್ಚಿದೆ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ತೆಗೆದೆ. ಹೊತ್ತಿತು. ಹೊಳೆಯ ಸೇತುವೆ ದಾಟಿದ ಮೇಲೆ ಮತ್ತೆ.

"ಮಾವಾರ!"

ಈರಣ್ಣನವರು ರಸ್ತೆಯಿಂದ ಕಣ್ಣು ತೆಗೆಯದೆ ಜೋರಾಗಿ ಕೂಗಿದರು.

"ಎಷ್ಟ ಸಲ ತಗೀತೀರ್ರಿ ಆ ಬಾಗಲಾ? ತಗದಾಗೊಮ್ಮೆ ಥಂಡೆಲ್ಲಾ ಹೊರಗ ಹೋಗ್ತದ, ಬ್ಯಾಟರಿ ಮ್ಯಾಲೆ ಲೋಡ್ ಬೀಳ್ತದ! ರೇಣುಕಾ ಅಷ್ಟ ಬಡಕೊಂಡ್ಲು, ಕೇಳಿದ್ರೇನು? ಸಣ್ಣ ಹುಡುಗರ್ಗಿಂತ ಅತ್ತತ್ತ ಆದ್ರಿ ನೀವು! ಮುಚ್ಚರಿ ಸುಮ್ಮ!"

ಹೇಳಿ ಮುಗಿಸಿದ ಮೇಲೆ ಅವರಿಗೇ ಗಾಬರಿಯಾಯಿತು. ಕಿವಿ ಕೆಂಪಾದವು. ಏನೋ ಅನ್ನಲು ಬಾಯಿ ತೆರೆದರು. ನಾನು ಬೇಡವೆಂದು ಕೈ ಮಾಡಿದೆ.

ವರ್ಷದ ಮೇಲಾಗಿತ್ತು. ಊರಿನವರು, ನೆಂಟರು, ಮನೆಯವಳು, ಎಲ್ಲರೂ ನನ್ನೊಡನೆ ಮೆತ್ತಗೆ, ಒಡೆಯುವ ಸಾಮಾನು ಎತ್ತಿಟ್ಟ ಹಾಗೆ ಮಾತನಾಡುತ್ತಿದ್ದರು. ಗೌರಿ ಹೋದ ಮೇಲೆ ನನ್ನನ್ನು ಯಾರೂ ಬೈದಿರಲಿಲ್ಲ.

"ಆತ ಬಿಡಪಾ, ಮುಚ್ಚಿದೆ" ಎಂದು ಬಾಗಿಲು ಹಾಕಿದೆ. ಈರಣ್ಣನವರಿಗೆ ನಾನು ಹಾಗೆ ಏಕವಚನದಲ್ಲಿ ಅಂದದ್ದು ಅದೇ ಮೊದಲು. ಅವರು ಗೇರ್ ಬದಲಿಸಿದರು. ಗಾಡಿ ಮುಂದಿನ ಏರು ಹತ್ತಿತು.